ದಾರೆಹುಳಿ: ಮರದಲ್ಲೇ ಮುಗಿಯುವ ಮಾಗುವಿಕೆ

ದಾರೆಹುಳಿಯ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು, ಕೊಯ್ದ ಮೇಲೆ ಅದು ಸಿಹಿಯಾಗುವುದಿಲ್ಲ. ಮಾವನ್ನೋ ಬಾಳೆಯನ್ನೋ ಬಲಿತ ಕಾಯಿಯಿದ್ದಾಗಲೇ ಇಳಿಸಿ, ಹುಲ್ಲು ಮುಚ್ಚಿ ಹಣ್ಣು ಮಾಡಬಹುದು. ಇದಕ್ಕೆ ಆ ಉಪಾಯ ನಡೆಯದು. ಬುಟ್ಟಿಯಲ್ಲಿಟ್ಟರೆ ಹಸಿರು ಹೋಗಿ ಹಳದಿ ಬರುತ್ತದೆ, ಮೆತ್ತಗೂ ಆಗುತ್ತದೆ. ಸಿಹಿ ಮಾತ್ರ ಮರದಲ್ಲಿ ಎಷ್ಟಿತ್ತೋ ಅಷ್ಟೇ. ಹಾಗಾಗಿ ಯಾವ ಅಡುಗೆಗೆ ಬೇಕೆಂದು ಗೊತ್ತುಮಾಡಿಕೊಂಡೇ ಆರಿಸಬೇಕು.

ಕರಾವಳಿಯ ಹಿತ್ತಲುಗಳಲ್ಲಿ ಹೆಚ್ಚಾಗಿ ಕಾಣುವುದು ಹುಳಿ ಜಾತಿ. ಇದರ ಏಣುಗಳು ತೆಳ್ಳಗೆ, ಚೂಪು. ಪೇಟೆಯ ಅಂಗಡಿಗೆ ಸ್ಟಾರ್ ಫ್ರೂಟ್ ಎಂದು ಬರುವ ಸಿಹಿ ಜಾತಿಯ ಏಣುಗಳು ದಪ್ಪಗೆ ತುಂಬಿಕೊಂಡಿರುತ್ತವೆ. ಉಪ್ಪಿನಕಾಯಿಗೆ ಗಟ್ಟಿ ಹಸಿರು ಕಾಯಿ, ಗೊಜ್ಜು ಮೆಣಸ್ಕಾಯಿಗೆ ಹಳದಿ ತಿರುಗಿದ್ದು, ಹಾಗೇ ತಿನ್ನಲು ಮರದಲ್ಲೇ ಪೂರ್ತಿ ಹಳದಿಯಾದ, ಮೇಣದ ಹೊಳಪಿನ, ಮೂಗಿನ ಹತ್ತಿರ ಹಿಡಿದರೆ ಘಮ್ಮೆನ್ನುವ ಹಣ್ಣು. ಏಣಿನ ಅಂಚು ತುಸು ಕಂದಿದ್ದರೆ ಬಿಡಬೇಡಿ, ಅದು ಮಾಗಿದ ಗುರುತು. ಏಣುಗಳ ನಡುವಿನ ತಗ್ಗಿನಲ್ಲಿ ನೀರೊಡೆದ ಕಲೆಯಿದ್ದರೆ ಬೇಡ.

ಇದರ ಸಿಪ್ಪೆ ಬಹಳ ತೆಳು. ಒಂದರ ಮೇಲೊಂದು ಪೇರಿಸಿದರೆ ಏಣುಗಳು ಒತ್ತಿಕೊಂಡು ಅಲ್ಲಿಂದಲೇ ಕೊಳೆಯತೊಡಗುತ್ತವೆ. ತೊಳೆಯದೆ ಒಂದೇ ಪದರವಾಗಿ ಹರಡಿ. ಹಸಿರು ಛಾಯೆ ಇರುವಷ್ಟು ದಿನ ಹೊರಗಿರಲಿ, ಹಳದಿಯಾದ ಮೇಲೆ ಕಾಗದದಲ್ಲಿ ಸುತ್ತಿ ಫ್ರಿಜ್‌ಗೆ ಸೇರಿಸಿ. ಒಂದು ವಾರ ಧಾರಾಳ ಬಾಳುತ್ತದೆ.

ಹೆಚ್ಚುವ ಮುಂಚೆ ಐದೂ ಏಣುಗಳ ಅಂಚನ್ನು ಚಾಕುವಿನಿಂದ ಉದ್ದಕ್ಕೆ ಸವರಿ ತೆಗೆಯಿರಿ, ಒಗರು ಅಲ್ಲಿ ಹೆಚ್ಚು. ಆಮೇಲೆ ಅಡ್ಡಕ್ಕೆ ಬಿಲ್ಲೆ ಮಾಡಿ, ನಡುವಿನ ಬೀಜ ಬಿಡಿಸಿ. ಮೆಣಸ್ಕಾಯಿಗೆ ಈ ಬಿಲ್ಲೆಗಳನ್ನು ಉಪ್ಪು, ಅರಿಸಿನ, ಸ್ವಲ್ಪವೇ ನೀರಿನೊಂದಿಗೆ ಮಣ್ಣಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಬೇಯಿಸಿ. ಹೋಳು ಬೇಗ ಕರಗುವುದರಿಂದ ಅಂಚು ಪಾರದರ್ಶಕವಾದೊಡನೆ ಬೆಲ್ಲ ಹಾಕಬೇಕು. ಅನಾನಸಿಗೆ ಹಾಕುವುದಕ್ಕಿಂತ ಹೆಚ್ಚೇ ಬೇಕಾದೀತು. ಹುರಿದ ಎಳ್ಳು, ಉದ್ದಿನಬೇಳೆ, ಬ್ಯಾಡಗಿ ಮೆಣಸನ್ನು ತೆಂಗಿನತುರಿಯೊಂದಿಗೆ ರುಬ್ಬಿ ಸೇರಿಸಿ, ಒಂದು ಕುದಿ ಬರಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ. ಮಾರನೆಯ ದಿನಕ್ಕೆ ರುಚಿ ಇನ್ನೂ ಹದವಾಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ, ಕಲಾಯಿ ಹೋದ ಹಿತ್ತಾಳೆ ಪಾತ್ರೆಗಳನ್ನು ಮುಟ್ಟಬೇಡಿ. ಹಿತ್ತಾಳೆಯ ಕಿಲುಬು ತೆಗೆಯುವಷ್ಟು ಆಕ್ಸಾಲಿಕ್ ಆಮ್ಲ ಇದರಲ್ಲಿದೆ.

ಆ ಆಮ್ಲವೇ ಒಂದು ಗಂಭೀರ ಎಚ್ಚರಿಕೆಗೂ ಕಾರಣ. ಮೂತ್ರಪಿಂಡದ ಕಾಯಿಲೆಯಿರುವವರು, ಡಯಾಲಿಸಿಸ್‌ನಲ್ಲಿರುವವರು ದಾರೆಹುಳಿಯನ್ನು ಒಂದು ಹೋಳೂ ತಿನ್ನಕೂಡದು. ಆಕ್ಸಲೇಟ್ ಜೊತೆಗೆ ಕ್ಯಾರಂಬಾಕ್ಸಿನ್ ಎಂಬ ನರವಿಷವೂ ಇದರಲ್ಲಿದೆಯೆಂದು ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ತೋರಿಸಿಕೊಟ್ಟರು. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ದುರ್ಬಲ ಮೂತ್ರಪಿಂಡಕ್ಕೆ ಅದು ಆಗದು. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಗೊಂದಲ, ಸೆಳವು, ಸಾವಿನವರೆಗೂ ಹೋದ ಪ್ರಕರಣಗಳಿವೆ. ಆರೋಗ್ಯವಂತರು ಕೂಡ ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿಯುವುದು ಬೇಡ. ಊಟದೆಲೆಯ ಬದಿಗೆ ಒಂದು ಸೌಟು ಗೊಜ್ಜು, ನಾಲ್ಕು ಹೋಳು ಉಪ್ಪಿನಕಾಯಿ ಸಾಕು. ನೆಂಟರಿಗೆ ಬಡಿಸುವಾಗ ಇದು ದಾರೆಹುಳಿಯದ್ದು ಎಂದು ಹೇಳಿಯೇ ಬಡಿಸಿ.