ಸಂಕಲ್ಪದ ಚೀಟಿ ಮತ್ತು ಎಂಟನೆಯ ದಿನದ ಹೆಸರು

ಡಿಸೆಂಬರ್ 31ರ ರಾತ್ರಿಯ ಬಲಿಪೂಜೆಯಲ್ಲಿ ಕೆಲವೆಡೆ ಹೊಸದೊಂದು ಆಚರಣೆ ಸೇರಿಕೊಂಡಿರುವುದನ್ನು ನಾವು ಕಾಣುತ್ತಿದ್ದೇವೆ. ಪ್ರಬೋಧನೆ ಮುಗಿದೊಡನೆ ಭಕ್ತಾದಿಗಳಿಗೆ ಚೀಟಿಗಳನ್ನು ಹಂಚಲಾಗುತ್ತದೆ. ಅವರು ಹೊಸ ವರ್ಷದ ಸಂಕಲ್ಪವನ್ನು ಬರೆದು ಬುಟ್ಟಿಗೆ ಹಾಕುತ್ತಾರೆ. ಬುಟ್ಟಿ ರೊಟ್ಟಿ, ದ್ರಾಕ್ಷಾರಸಗಳೊಡನೆ ಬಲಿಪೀಠಕ್ಕೆ ಬರುತ್ತದೆ. ಕುಡಿತ ಬಿಡುತ್ತೇನೆ, ಜಪಮಾಲೆ ತಪ್ಪಿಸುವುದಿಲ್ಲ, ತಮ್ಮನೊಡನೆ ಮಾತು ಬಿಟ್ಟದ್ದನ್ನು ಮುಗಿಸುತ್ತೇನೆ ಎಂಬಂಥ ಬರವಣಿಗೆಯನ್ನು ನಾವು ಹಗುರವಾಗಿ ಕಾಣಲಾರೆವು. ಒಂದು ಮನೆಯಲ್ಲಿ ಕುಡಿತ ನಿಲ್ಲುವುದು ಸಣ್ಣ ಸಂಗತಿಯಲ್ಲ. ನಮ್ಮ ಆಕ್ಷೇಪ ಬರೆಯುವವರ ಮೇಲಲ್ಲ, ಬರೆಯಿಸುವ ನಮ್ಮ ಮೇಲೆಯೇ. ಆ ದಿನ ಧರ್ಮಸಭೆ ನಮ್ಮ ಕೈಗೆ ಕೊಟ್ಟದ್ದೇನು, ನಾವು ಅದರ ಮೇಲೆ ಹೊರಿಸಿದ್ದೇನು ಎಂಬುದೇ ಇಲ್ಲಿಯ ಪ್ರಶ್ನೆ.

ಜನವರಿ 1ರ ಹಬ್ಬವೇ ಆರಾಧನಾ ಸುಧಾರಣೆಯ ಒಂದು ಒಳ್ಳೆಯ ಪಾಠ. ಬಹುಕಾಲ ಅದು ಪ್ರಭುವಿನ ಸುನ್ನತಿಯ ಹಬ್ಬವಾಗಿತ್ತು. 1960ರ ನಿಯಮಾವಳಿ ಅದನ್ನು ಕ್ರಿಸ್ತಜಯಂತಿಯ ಅಷ್ಟಮ ದಿನವೆಂದಷ್ಟೇ ಕರೆಯಿತು. 1969ರ ಹೊಸ ಪಂಚಾಂಗ ಅದನ್ನು ದೇವಮಾತೆ ಮರಿಯಳ ಮಹೋತ್ಸವವನ್ನಾಗಿ ಮಾಡಿತು. ಅದಕ್ಕೂ ಮುನ್ನ, 1968ರಿಂದ, ಆರನೆಯ ಪೌಲರು ಆ ದಿನವನ್ನು ವಿಶ್ವಶಾಂತಿ ದಿನವೆಂದು ನಿಗದಿಪಡಿಸಿದ್ದರು. 1974ರ ತಮ್ಮ ಪತ್ರದಲ್ಲಿ ಅವರು ಈ ಬದಲಾವಣೆಯನ್ನು ರೋಮಿನ ಪ್ರಾಚೀನ ಪದ್ಧತಿಗೆ ಮರಳಿದ್ದೆಂದು ವಿವರಿಸಿದರು. ಬದಲಾವಣೆಯೆಂದರೆ ಹೊಸತನ್ನು ಹುಟ್ಟುಹಾಕುವುದೇ ಎಂದು ತಿಳಿದವರಿಗೆ ಈ ಮಾತು ಉಪಯುಕ್ತ.

ಆ ದಿನದ ವಾಚನಗಳನ್ನು ನೋಡಿ: ಸಂಖ್ಯಾಕಾಂಡ 6:22-27, ಗಲಾತ್ಯರಿಗೆ 4:4-7, ಲೂಕ 2:16-21. ಈ ಮೂರರಲ್ಲಿ ಎಲ್ಲಿಯೂ ಮನುಷ್ಯನು ದೇವರಿಗೆ ಮಾತು ಕೊಡುವುದಿಲ್ಲ. ಆರೋನನೂ ಅವನ ಮಕ್ಕಳೂ ಜನರ ಮೇಲೆ ದೇವರ ನಾಮವನ್ನು ಇರಿಸುತ್ತಾರೆ. ಆಶೀರ್ವದಿಸುವವನು ಮಾತ್ರ ದೇವರೇ. ದಾಸರಾಗಿದ್ದವರು ತಾವು ದುಡಿಯದೆಯೇ ಮಕ್ಕಳೆನಿಸಿಕೊಂಡರೆನ್ನುತ್ತಾನೆ ಪೌಲ. ಕುರುಬರು ಕಂಡು, ಸ್ತುತಿಸಿ, ಹಿಂದಿರುಗುತ್ತಾರೆ, ಮರಿಯ ಎಲ್ಲವನ್ನೂ ಮನಸ್ಸಿನಲ್ಲಿ ಇರಿಸಿಕೊಳ್ಳುತ್ತಾಳೆ, ಕೂಸಿಗೆ ಹೆಸರಿಡಲಾಗುತ್ತದೆ. ದಿನದ ವಾಚನವೆಲ್ಲ ಪಡೆಯುವವರದು. ಅದರ ಬೆನ್ನಲ್ಲೇ ಚೀಟಿ ಹಂಚಿದಾಗ, ಈಗ ತಾನೇ ವರವನ್ನು ಪಡೆದ ಜನರನ್ನು ನಾವು ಸಾಲಗಾರರ ಸಾಲಿನಲ್ಲಿ ನಿಲ್ಲಿಸುತ್ತೇವೆ. ಫೆಬ್ರುವರಿಯ ಹೊತ್ತಿಗೆ ಸಂಕಲ್ಪ ಮುರಿದವನು ತನ್ನ ಚೀಟಿ ಬಲಿಪೀಠದ ಮುಂದಿತ್ತೆಂಬುದನ್ನು ನೆನೆದು ಗುಡಿಯ ಬಾಗಿಲಿಗೆ ಬರಲು ಹಿಂಜರಿದರೆ, ಆ ಹಿಂಜರಿಕೆಯನ್ನು ಕಲಿಸಿದವರು ನಾವೇ.

ಸುಧಾರಣೆಯೇನೂ ಪ್ರಶ್ನಾತೀತವಲ್ಲ. ಸುನ್ನತಿಯ ಹೆಸರು ಹೋದೊಡನೆ ಯೇಸು ಇಸ್ರಯೇಲಿನ ಮಗನೆಂಬ ನೆನಪು ಹಬ್ಬದ ತಲೆಬರಹದಿಂದ ಮರೆಯಾಯಿತು. ಲೂಕನ 21ನೆಯ ವಚನ ಶುಭಸಂದೇಶದ ಬಾಲವಾಗಿ ಉಳಿಯಿತು. ಯೇಸುನಾಮದ ಸ್ಮರಣೆಯನ್ನೂ 1969ರಲ್ಲಿ ಕೈಬಿಟ್ಟು, 2002ರ ಪೂಜಾಗ್ರಂಥದಲ್ಲಿ ಜನವರಿ 3ಕ್ಕೆ ಐಚ್ಛಿಕವಾಗಿ ಮರಳಿ ತರಬೇಕಾಯಿತು. ನಮ್ಮ ಕಡೆಯ ಜನರಿಗೆ ಹೆಸರಿಡುವುದಕ್ಕಿಂತ ಹತ್ತಿರದ ಸಂಸ್ಕಾರ ಯಾವುದಿದೆ? ಕೂಸನ್ನು ತೊಟ್ಟಿಲಿಗೆ ಹಾಕಿ, ಸೋದರತ್ತೆ ಅದರ ಕಿವಿಯಲ್ಲಿ ಹೆಸರನ್ನು ಉಸುರುವುದನ್ನು ಕಂಡ ತಾಯಂದಿರಿಗೆ ಎಂಟನೆಯ ದಿನದ ಅರ್ಥವನ್ನು ವಿವರಿಸುವ ಅಗತ್ಯವೇ ಇಲ್ಲ. ಆ ವಚನವನ್ನು ನಿಧಾನವಾಗಿ ಓದಿದರೆ ಸಾಕು.

ಇದನ್ನು ಬರೆಯುವಾಗ ನಮ್ಮ ಕಣ್ಣ ಮುಂದಿರುವುದು ತುಕ್ಕಾನಟ್ಟಿಯ ಸುತ್ತಿನ ಸೀಮೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಬ್ಬಿನ ನೆಲ. ಜನವರಿಯೆಂದರೆ ಇಲ್ಲಿ ಕಾರ್ಖಾನೆಗಳು ಕಬ್ಬು ನುರಿಸುವ ಕಾಲ. ಕಬ್ಬು ಕಡಿಯುವ ಗ್ಯಾಂಗು ನಸುಕಿನಲ್ಲೇ ಹೊಲಕ್ಕಿಳಿಯುತ್ತದೆ. ಹೊಸ ವರ್ಷವೆಂದರೆ ಈ ಜನರಿಗೆ ಯುಗಾದಿ. ಜನವರಿ 1 ಶಾಲೆಯ, ಬ್ಯಾಂಕಿನ, ಕಚೇರಿಯ ದಿನ. ಇಂಥಲ್ಲಿ ನಡುರಾತ್ರಿಯ ಪೂಜೆ ಯಾರಿಗಾಗಿ ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಡವೇ?

ಸಂಕಲ್ಪ ಎಂಬ ಪದವೂ ಇಲ್ಲಿ ನಾವು ಬಳಸುವಷ್ಟು ಅಗ್ಗದ್ದಲ್ಲ. ವೈದಿಕ ಪದ್ಧತಿಯ ಪೂಜೆಯಲ್ಲಿ ಸಂಕಲ್ಪವೆಂದರೆ ಮೊದಲು ದೇಶ, ಕಾಲ, ಸಂವತ್ಸರ, ತಿಥಿಗಳನ್ನು ಹೇಳಿ, ತಾನು ಯಾರ ಕುಲದವನೆಂದು ಹೇಳಿ, ಆಮೇಲೆ ಯಾವ ಕಾರ್ಯಕ್ಕಾಗಿ ಕುಳಿತಿದ್ದೇನೆಂದು ಹೇಳುವುದು. ಅದು ಪೂಜೆಗೆ ಹೊಸ್ತಿಲು, ಪೂಜೆಗೆ ಬದಲಿಯಲ್ಲ. ನಮ್ಮ ಚೀಟಿಯಲ್ಲಿ ದೇಶವಿಲ್ಲ, ಕಾಲವಿಲ್ಲ, ಕುಲವಿಲ್ಲ, ನಾನೊಬ್ಬನೇ ಇದ್ದೇನೆ.

ಸಮುದಾಯದ ಸಂಕಲ್ಪಕ್ಕೆ ನಮ್ಮಲ್ಲೇ ನಿದರ್ಶನವಿದೆ. 1963ರ ಡಿಸೆಂಬರ್ 4ರಂದು ಮಹಾಸಭೆ ದೈವಾರಾಧನೆಯ ಸಂವಿಧಾನವನ್ನು ಘೋಷಿಸಿತು. ಅದರ ಬಲದಿಂದ ಭಾರತದ ಧರ್ಮಾಧ್ಯಕ್ಷರು ಕೇಳಿಕೊಂಡ 12 ಅಂಶಗಳಿಗೆ 1969ರ ಏಪ್ರಿಲ್ 25ರಂದು ರೋಮಿನಿಂದ ಒಪ್ಪಿಗೆ ಬಂದಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಪಾದರಕ್ಷೆ ಕಳಚುವುದು, ಮೊಣಕಾಲೂರುವುದರ ಬದಲು ಅಂಜಲಿಹಸ್ತದಿಂದ ಬಾಗುವುದು, ಪಂಚಾಂಗ ಪ್ರಣಾಮ, ಅಂಗವಸ್ತ್ರ, ತಟ್ಟೆ, ಎಣ್ಣೆಯ ದೀಪ, ಆರತಿ ಅವುಗಳಲ್ಲಿ ಸೇರಿದ್ದವು. ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಇದು ಪೂರ್ತಿ ಹೊಸದೂ ಆಗಿರಲಿಲ್ಲ. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ವಿರಕ್ತಮಠದ ರೀತಿಯಲ್ಲಿ ಕಾವಿಯುಟ್ಟು, ಶಾಖಾಹಾರಿಗಳಾಗಿ, ಜನರ ನಡುವೆ ಬಾಳಿದ್ದಾರೆ.

ಆ 12 ಅಂಶಗಳಲ್ಲಿ ಉಳಿದದ್ದೆಷ್ಟು? ನಮ್ಮ ತೀರ್ಪು ಕಟುವಾದೀತು. ಇತರರು ಮಾಡಬಹುದಾದದ್ದು ಉಳಿಯಿತು, ಯಾಜಕನ ಮೈಯೇ ಮಾಡಬೇಕಾದದ್ದು ಉಳಿಯಲಿಲ್ಲ. ಹಬ್ಬದಂದು ಹೆಣ್ಣುಮಕ್ಕಳು ಜರಿಸೀರೆಯುಟ್ಟು ಆರತಿ ತಂದು ನರ್ತಿಸುವುದು ಎಲ್ಲೆಡೆ ಇದೆ. ಪಶ್ಚಾತ್ತಾಪದ ವಿಧಿಯಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸುವ ಯಾಜಕನನ್ನು ಹುಡುಕಿ ನೋಡಬೇಕು. ಚಪ್ಪಲಿ ಹೊರಗೆ ಬಿಟ್ಟು ಬಂದ ಜನರ ಎದುರು ಬೂಟು ಹಾಕಿ ನಿಂತವರು ನಾವು. ನಾವೂ ಚೀಟಿ ಬರೆಯುವುದಾದರೆ ಅಲ್ಲಿಂದ ತೊಡಗಬಹುದು.

ಭಾಷೆಯದೂ ಇದೇ ಕತೆ. ಗಡಿಸೀಮೆಗೆ ಬರುವ ಗುರುಗಳಲ್ಲಿ ಹಲವರ ಮನೆಮಾತು ಕೊಂಕಣಿ ಅಥವಾ ಮರಾಠಿ, ಅದು ದೋಷವಲ್ಲ. ಪೂಜಾಗ್ರಂಥದ ಕನ್ನಡವನ್ನು ಮುನ್ನಾದಿನ ಒಮ್ಮೆಯೂ ಬಾಯಿಬಿಟ್ಟು ಓದದೆ ಪೀಠಕ್ಕೆ ಬರುವುದು ದೋಷ. ‘ಬಲಿಪೂಜೆ’ ಎಂಬ ನಮ್ಮ ನಿತ್ಯದ ಪದ ಗ್ರಾಮದೇವತೆಯ ಜಾತ್ರೆಯನ್ನು ಕಂಡ ಕಿವಿಗೆ ಕೋಣವನ್ನು ನೆನಪಿಸುತ್ತದೆಂಬುದನ್ನು ಎಷ್ಟು ಗುರುಮಠಗಳಲ್ಲಿ ಚರ್ಚಿಸಿದ್ದೇವೆ?

ಹಾಗಾದರೆ ವೈಯಕ್ತಿಕ ನಿರ್ಧಾರಕ್ಕೆ ಎಡೆಯೇ ಇಲ್ಲವೆ? ಇದೆ. ವರ್ಷದ ಕೊನೆಯ ದಿನ ‘ತೆ ದೇಯುಂ’ ಸ್ತುತಿಯನ್ನೂ ಮೊದಲ ದಿನ ಪವಿತ್ರಾತ್ಮರ ಆವಾಹನೆಯನ್ನೂ ಹಾಡುವ ಪದ್ಧತಿ ನಮ್ಮದೇ. ಮೊದಲು ಕೃತಜ್ಞತೆ, ಆಮೇಲೆ ಬೇಡಿಕೆ. ನಿರ್ಧಾರ ಆ ಬೇಡಿಕೆಯೊಳಗೇ ಹುಟ್ಟಬೇಕು. ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯನ್ನು ಮೆಥೊಡಿಸ್ಟ್ ಬಾಂಧವರು ಹೊಸ ವರ್ಷದಲ್ಲಿ ನಡೆಸುತ್ತಾರೆ. ಅದರಲ್ಲಿ ಇಡೀ ಸಭೆ ಒಂದೇ ಬಾಯಿಯಿಂದ ತನ್ನನ್ನು ದೇವರ ವಶಕ್ಕೆ ಒಪ್ಪಿಸಿಕೊಳ್ಳುತ್ತದೆ; ಒಬ್ಬೊಬ್ಬರ ಪಟ್ಟಿ ಅಲ್ಲಿಲ್ಲ. ಅವರಿಂದ ಕಲಿಯಲು ನಾವು ನಾಚಬೇಕಾಗಿಲ್ಲ. ಸಂವಿಧಾನದ 22ನೆಯ ಪರಿಚ್ಛೇದ ಯಾಜಕನಿಗೂ ತನ್ನಿಚ್ಛೆಯಂತೆ ವಿಧಿಗೆ ಕೂಡಿಸುವ, ಕಳೆಯುವ ಅಧಿಕಾರವಿಲ್ಲವೆನ್ನುತ್ತದೆ. ಇದನ್ನು ಹಳೆಯ ಲತೀನ್ ಪೂಜೆಯನ್ನು ಬಯಸುವವರ ಎದುರು ಉಲ್ಲೇಖಿಸಲು ನಮಗೆ ಉತ್ಸಾಹವಿದೆ. ಚೀಟಿಯ ಬುಟ್ಟಿಯನ್ನು ಹೊರುವಾಗ ಮರೆಯುತ್ತೇವೆ.

ಈ ಜನವರಿಯಲ್ಲಿ ನಾವು ಕೇಳಿಕೊಳ್ಳುವುದು ಇಷ್ಟೇ. ನಡುರಾತ್ರಿಯ ಪೂಜೆಯಿರುವ ಕಡೆಯೂ 1ರ ಸಂಜೆ, ಹೊಲದವರು ಮನೆಗೆ ಮರಳಿದ ಮೇಲೆ, ಇನ್ನೊಂದು ಪೂಜೆ ನಡೆಯಲಿ. ಯಾಜಕರು ಬರಿಗಾಲಲ್ಲಿ ಬರಲಿ. ಆರೋನನ ಆಶೀರ್ವಾದದ ಮೂರು ವಚನಗಳನ್ನು ಪುಸ್ತಕ ನೋಡದೆ ಹೇಳುವಷ್ಟು ಕನ್ನಡ ಬಾಯಲ್ಲಿ ನಿಂತಿರಲಿ. ಆ ವರ್ಷ ಹುಟ್ಟಿದ ಕೂಸುಗಳನ್ನು ತಾಯಂದಿರು ಮುಂದಕ್ಕೆ ತಂದರೆ, ಒಂದೊಂದನ್ನೂ ಅದರ ಹೆಸರು ಹಿಡಿದು ಆಶೀರ್ವದಿಸಲಿ.