‘ನಷ್ಟ’ವಾದ ಶಕ್ತಿ ಹೋದದ್ದೆಲ್ಲಿಗೆ?

ಅಸ್ಥಿತಿಸ್ಥಾಪಕ ಸಂಘಟ್ಟನೆಯಲ್ಲಿ ಸಂವೇಗ ಸಂರಕ್ಷಿತ, ಶಕ್ತಿ ಮಾತ್ರ ನಷ್ಟವಾಗುತ್ತದೆ – ಈ ಧಾಟಿಯ ವಾಕ್ಯವನ್ನು ಗೈಡುಗಳಲ್ಲಿ ನೀವು ಓದಿರಬಹುದು, ತರಗತಿಯಲ್ಲಿ ಬರೆಸಿಯೂ ಇರಬಹುದು. ಇದರ ಎರಡನೆಯ ಭಾಗ ತಪ್ಪು. ಕಡಿಮೆಯಾಗುವುದು ಚಲನಶಕ್ತಿಯೇ ಹೊರತು ಒಟ್ಟು ಶಕ್ತಿಯಲ್ಲ. ಒಂದು ಪದಕ್ಕೆ ಇಷ್ಟು ತಕರಾರೇಕೆ ಎನ್ನಬೇಡಿ. ಆ ಪದದ ಜೊತೆಗೆ ವಿವರಣೆಯೂ ಬಿಟ್ಟುಹೋಗಿದೆ.

ಬ್ಯಾಲಿಸ್ಟಿಕ್ ಲೋಲಕವನ್ನೇ ನೋಡಿ. ಗುಂಡಿನ ವೇಗ ಅಳೆಯುವ ಈ ಸಾಧನವನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ. 10 ಗ್ರಾಂ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಬಂದು, ತೂಗುಬಿಟ್ಟ 1.99 ಕಿಲೋಗ್ರಾಂ ಮರದ ದಿಮ್ಮಿಯೊಳಗೆ ಹೊಕ್ಕು ನಿಂತಿತೆನ್ನಿ. ಸಂವೇಗ ಸಂರಕ್ಷಣೆಯ ಪ್ರಕಾರ ಎರಡೂ ಸೇರಿ ಸೆಕೆಂಡಿಗೆ 2 ಮೀಟರ್ ವೇಗ ಪಡೆಯುತ್ತವೆ. ಸುಮಾರು 20 ಸೆಂಟಿಮೀಟರ್ ಮೇಲೇರುತ್ತವೆ. ಮೊದಲು 800 ಜೂಲ್ ಇದ್ದ ಚಲನಶಕ್ತಿ ಡಿಕ್ಕಿಯ ನಂತರ ಕೇವಲ 4 ಜೂಲ್.

ಏರಿದ ಎತ್ತರದಿಂದ ಗುಂಡಿನ ವೇಗ ಕಂಡುಹಿಡಿಯಲು ವಿದ್ಯಾರ್ಥಿಯೊಬ್ಬ ಡಿಕ್ಕಿಗೂ ಚಲನಶಕ್ತಿ ಸಂರಕ್ಷಣೆಯನ್ನೇ ಬಳಸಿದರೆ ಉತ್ತರ ಸೆಕೆಂಡಿಗೆ 28 ಮೀಟರ್! 400 ಎಲ್ಲಿ, 28 ಎಲ್ಲಿ? ತಪ್ಪು ಅವನೊಬ್ಬನದಲ್ಲ. ಡಿಕ್ಕಿಗೆ ಒಂದು ನಿಯಮ, ಏರಿಕೆಗೆ ಇನ್ನೊಂದು ಏಕೆಂದು ಅವನಿಗೆ ಯಾರೂ ಹೇಳಿಲ್ಲ.

ಕಾರಣ ಸರಳ. ಡಿಕ್ಕಿಯಲ್ಲಿ ಗುಂಡು ಮತ್ತು ದಿಮ್ಮಿ ಪರಸ್ಪರ ಪ್ರಯೋಗಿಸುವ ಬಲಗಳು ಸಮ ಹಾಗೂ ವಿರುದ್ಧ. ಅವು ವರ್ತಿಸುವ ಕಾಲವೂ ಒಂದೇ. ಸಂವೇಗದ ಬದಲಾವಣೆ ಬಲ ಮತ್ತು ಕಾಲಗಳ ಗುಣಲಬ್ಧವಾದ್ದರಿಂದ ಒಂದು ಕಳೆದುಕೊಂಡದ್ದು ಪೂರ್ತಿಯಾಗಿ ಇನ್ನೊಂದಕ್ಕೆ ಸೇರುತ್ತದೆ. ಚಲನಶಕ್ತಿಯ ಬದಲಾವಣೆಯಾದರೋ ಬಲ ಮತ್ತು ದೂರಗಳ ಗುಣಲಬ್ಧ. ದೂರ ಮಾತ್ರ ಎರಡಕ್ಕೂ ಒಂದೇ ಅಲ್ಲ! ಬಲ ಸ್ಥಿರವಾಗಿದ್ದು, ಗುಂಡು ಮರದೊಳಗೆ 10 ಸೆಂಟಿಮೀಟರ್ ಹೊಕ್ಕಿದ್ದರೆ, ಅಷ್ಟರಲ್ಲಿ ದಿಮ್ಮಿ ಸರಿದದ್ದು ಅರ್ಧ ಮಿಲಿಮೀಟರ್. ಗುಂಡು ಕ್ರಮಿಸಿದ್ದು 100.5 ಮಿಲಿಮೀಟರ್. ಅನುಪಾತ ಸುಮಾರು 200ಕ್ಕೆ 1. ಗುಂಡು ಕಳೆದುಕೊಂಡ ಮತ್ತು ದಿಮ್ಮಿ ಪಡೆದ ಚಲನಶಕ್ತಿಗಳ ಅನುಪಾತವೂ ಅದೇ. ಉಳಿದ 796 ಜೂಲ್ ಮರವನ್ನು ಸೀಳಲು, ಗುಂಡನ್ನು ವಿರೂಪಗೊಳಿಸಲು ವ್ಯಯವಾಗಿದೆ. ಬಹುಪಾಲು ಉಷ್ಣವಾಗಿದೆ, ಅಲ್ಪಾಂಶ ಶಬ್ದವಾಗಿದೆ. ಆನಂತರ ಮೇಲೇರುವಾಗ ಗುರುತ್ವ ಮತ್ತು ದಾರದ ಎಳೆತ ಸಂವೇಗವನ್ನು ಬದಲಿಸುತ್ತವೆ. ಅಲ್ಲಿ ಯಾಂತ್ರಿಕ ಶಕ್ತಿಯ ಸಂರಕ್ಷಣೆಯೇ ನಮಗೆ ಆಧಾರ.

ಇನ್ನೊಂದು ಕೊರತೆಯನ್ನೂ ಗಮನಿಸಿ. ಅಭ್ಯಾಸದ ಲೆಕ್ಕಗಳಲ್ಲಿ ಹೆಚ್ಚಾಗಿ ಸಮ ದ್ರವ್ಯರಾಶಿಯ ಎರಡು ಜೇಡಿಮಣ್ಣಿನ ಉಂಡೆಗಳು ಅಂಟಿಕೊಳ್ಳುತ್ತವೆ. ಒಂದು ನಿಶ್ಚಲವಾಗಿದ್ದರೆ ಚಲನಶಕ್ತಿ ಅರ್ಧವಾಗುತ್ತದೆ. ಅರ್ಧವೇ ನಿಯಮವೆಂದು ಮಕ್ಕಳು ತಿಳಿಯುತ್ತಾರೆ. ನಮ್ಮ ಗುಂಡಿನ ಉದಾಹರಣೆಯಲ್ಲಿ ಕಡಿಮೆಯಾದದ್ದು ಶೇಕಡ 99.5! ಈ ಪ್ರಮಾಣವನ್ನು ನಿರ್ಧರಿಸುವುದು ದ್ರವ್ಯರಾಶಿಗಳ ಅನುಪಾತ.

ಶಿಕ್ಷಕರೇ, ಮುಂದಿನ ಸಲ ಇಂಥ ಲೆಕ್ಕ ಬಿಡಿಸಿದ ಮೇಲೆ ಉತ್ತರದ ಕೆಳಗೆ ಗೆರೆ ಎಳೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಉಳಿದ ಜೂಲ್‌ಗಳು ಎಲ್ಲಿ? ವಿದ್ಯಾರ್ಥಿಗಳೇ, ಶಿಕ್ಷಕರು ಕೇಳದಿದ್ದರೆ ನೀವೇ ಕೇಳಿ.