ಅಲ್ಲಾದೀನ್, ನನ್ನ ಮಗಳು ಮತ್ತು ಕಾರಾಪುರದ ಹುಡುಗ

ಸ್ಮರಣ ಸಂಚಿಕೆಗೆ ನಾನು ಇದುವರೆಗೆ ಬರೆದದ್ದೆಲ್ಲ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕುವೈತಿನ ಬೇಸಿಗೆಯಲ್ಲಿ ಎಷ್ಟು ನೀರು ಕುಡಿಯಬೇಕು ಎಂಬಂಥ ವಿಷಯಗಳ ಮೇಲೆ. ಈ ಸಲ ಸಂಪಾದಕ ಮಂಡಳಿಯವರು ‘ಬೇರೆ ಏನಾದರೂ ಬರೀರಿ ಡಾಕ್ಟ್ರೇ’ ಎಂದರು. ನಿವೃತ್ತನಾದ ಮೇಲೆ ನಾನು ನೋಡಿದಷ್ಟು ಸಿನಿಮಾ ವೃತ್ತಿಯಲ್ಲಿದ್ದಾಗ ನೋಡಿರಲಿಲ್ಲ. ಆ ಧೈರ್ಯದ ಮೇಲೆ ಒಂದು ಸಿನಿಮಾ ವಿಮರ್ಶೆ ಬರೆಯುತ್ತಿದ್ದೇನೆ. ಚಿತ್ರ ಹೊಸದೇನಲ್ಲ. 2019ರಲ್ಲಿ ಡಿಸ್ನಿ ಸಂಸ್ಥೆ ತನ್ನದೇ 1992ರ ‘ಅಲ್ಲಾದೀನ್’ ಕಾರ್ಟೂನನ್ನು ನಟ ನಟಿಯರನ್ನಿಟ್ಟು ಮತ್ತೆ ತೆಗೆಯಿತಲ್ಲ, ಅದು.

ಮೊದಲು ಮಗಳ ವಿಷಯ ಹೇಳಬೇಕು. ನಾವು ಕುವೈತಿಗೆ ಬಂದದ್ದು 1992ರಲ್ಲಿ. ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಮರುಭೂಮಿಯಲ್ಲಿ ಎಣ್ಣೆಯ ಕಪ್ಪು ಹೊಂಡಗಳು ಇನ್ನೂ ಕಾಣುತ್ತಿದ್ದವು. ಸಾಲ್ಮಿಯಾದ ವಿಡಿಯೊ ಅಂಗಡಿಯೊಂದರಿಂದ ‘ಅಲ್ಲಾದೀನ್’ ಕ್ಯಾಸೆಟ್ ಮನೆಗೆ ಬಂದಾಗ ಮಗಳಿಗೆ ಏಳು ವರ್ಷ. ಆ ಚಳಿಗಾಲ ಪೂರ್ತಿ ನಮ್ಮ ಮನೆಯಲ್ಲಿ ಬೇರೆ ಏನೂ ಓಡಲಿಲ್ಲ. ಜಂಬಖಾನೆಯ ಮೇಲೆ ಹಾರುತ್ತಾ ಹಾಡುವ ಭಾಗದಲ್ಲಿ ಟೇಪು ಸವೆದು ಚಿತ್ರದ ಮೇಲೆ ಬಿಳಿ ಗೆರೆಗಳು ಬಂದವು; ಅವಳು ಆ ಗೆರೆಗಳ ಸಮೇತವೇ ಬಾಯಿಪಾಠ ಮಾಡಿಕೊಂಡಳು. ಶಾಲೆಯಲ್ಲಿ ಅರೇಬಿಕ್ ಅಕ್ಷರ ಕಲಿತ ಮೇಲೆ ಒಂದು ದಿನ, ‘ಅಪ್ಪ, ಈ ಅಂಗಡಿ ಬೋರ್ಡುಗಳಲ್ಲಿ ಏನೂ ಬರೆದೇ ಇಲ್ಲ, ಸುಮ್ನೆ ಗೀಚಿದಾರೆ’ ಎಂದಳು. ಅಮೆರಿಕದ ಅರಬ್ ಸಂಘಟನೆಗಳೂ ಆ ಚಿತ್ರದ ಮೇಲೆ ಆಕ್ಷೇಪ ಎತ್ತಿದ್ದವು. ಮೊದಲ ಹಾಡಿನಲ್ಲಿ, ಮುಖ ಹಿಡಿಸದಿದ್ದರೆ ಕಿವಿ ಕತ್ತರಿಸುವ ನಾಡು ಎಂಬ ಅರ್ಥದ ಸಾಲಿತ್ತು. ಅದನ್ನು 1993ರ ವಿಡಿಯೊ ಆವೃತ್ತಿಯಲ್ಲಿ ಬದಲಿಸಿದರು. ಮಗಳು ಬೋರ್ಡು ಗೀಚಿದ್ದನ್ನು ಕಂಡೂ ಕ್ಷಮಿಸಿದಳು. ಅಭಿಮಾನ ಎಂದರೆ ಅದೇ ಇರಬೇಕು.

ಆ ಊರಿನ ಹೆಸರಿಗೂ ಕುವೈತಿನ ಸಂಕಟಕ್ಕೂ ಸಂಬಂಧ ಇದೆ. ನಿರ್ದೇಶಕರು ಕಥೆಯನ್ನು ಮೊದಲು ಬಾಗ್ದಾದಿನಲ್ಲೇ ಇಟ್ಟಿದ್ದರು. 1990ರ ಆಗಸ್ಟ್ 2ರಂದು ಸದ್ದಾಂ ಸೇನೆ ಕುವೈತಿಗೆ ನುಗ್ಗಿತು, ಮರುವರ್ಷ ಯುದ್ಧವಾಯಿತು. ಬಾಗ್ದಾದ್ ಎಂಬ ಹೆಸರಿನಲ್ಲಿ ಮಕ್ಕಳ ಸಿನಿಮಾ ಮಾಡಲಾಗದೆ ಆ ಅಕ್ಷರಗಳನ್ನೇ ಕಲಸಿ ‘ಅಗ್ರಬಾ’ ಎಂಬ ಊರನ್ನು ಹುಟ್ಟಿಸಿದರು. 2015ರ ಕೊನೆಯಲ್ಲಿ ಅಮೆರಿಕದ ಸಮೀಕ್ಷೆಯೊಂದರಲ್ಲಿ ಅಗ್ರಬಾದ ಮೇಲೆ ಬಾಂಬ್ ಹಾಕಬೇಕೇ ಎಂದು ತಮಾಷೆಗೆ ಕೇಳಿದಾಗ ರಿಪಬ್ಲಿಕನ್ ಮತದಾರರಲ್ಲಿ ಶೇ. 30 ಮಂದಿ ಹೌದು ಎಂದರಂತೆ. ನಗುವುದೋ ಅಳುವುದೋ ನೀವೇ ಹೇಳಿ.

ಇರಲಿ. 2019ರ ಫೆಬ್ರವರಿಯಲ್ಲಿ ಮಗಳ ಫೋನು. ಅವಳಿಗೆ ಆಗ ಮೂವತ್ತೆರಡು, ಅವಳ ಮಗಳಿಗೆ ಆರು. ‘ಅಪ್ಪ, ಅಲ್ಲಾದೀನ್ ಬರ್ತಾ ಇದೆ, ನಿಜವಾದ ಜನ ಇರೋದು!’ ಆ ಸ್ವರವನ್ನು ನಾನು ಅವಳ ಪರೀಕ್ಷೆಯ ಫಲಿತಾಂಶ ಬಂದ ದಿನ ಕೂಡ ಕೇಳಿರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಫೋನು, ಈ ಸಲ ಸ್ವರ ಇಳಿದಿತ್ತು. ಗ್ರ್ಯಾಮಿ ಸಮಾರಂಭದ ವೇಳೆ ತೋರಿಸಿದ ತುಣುಕಿನಲ್ಲಿ ದೀಪದ ಭೂತ, ಅಂದರೆ ವಿಲ್ ಸ್ಮಿತ್, ನೀಲಿಯಾಗಿ ಕಾಣಿಸಿಕೊಂಡಿದ್ದ. ಜಗತ್ತಿನ ಅಭಿಮಾನಿಗಳೆಲ್ಲ ಗೇಲಿ ಮಾಡುತ್ತಿದ್ದರು. ‘ಏನೋ ಸರಿ ಇಲ್ಲ ಅಪ್ಪ, ಏನು ಅಂತ ಗೊತ್ತಾಗ್ತಿಲ್ಲ’ ಎಂದಳು.

ಏನು ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಮೂವತ್ತೈದು ವರ್ಷ ನೀಲಿ ತುಟಿ, ನೀಲಿ ಉಗುರು ನೋಡಿದವನು ನಾನು. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮನುಷ್ಯನ ಚರ್ಮ ನೀಲಿಗಟ್ಟುತ್ತದೆ. ನಾವು ಅದನ್ನು ಸಯನೋಸಿಸ್ ಎನ್ನುತ್ತೇವೆ. ಕಾರ್ಟೂನಿನ ಭೂತ ನೀಲಿಯಾಗಿದ್ದರೆ ಅದು ಬರಿಯ ಬಣ್ಣ, ಏಕೆಂದರೆ ಅದಕ್ಕೆ ಚರ್ಮವೇ ಇಲ್ಲ. ಆ ಭೂತವನ್ನು ಬರೆದ ಎರಿಕ್ ಗೋಲ್ಡ್‌ಬರ್ಗ್, ವ್ಯಂಗ್ಯಚಿತ್ರಕಾರ ಆಲ್ ಹಿರ್ಷ್‌ಫೆಲ್ಡ್‌ನ ರೇಖೆಯನ್ನು ಮಾದರಿಯಾಗಿಟ್ಟುಕೊಂಡಿದ್ದ. ಎಲ್ಲೂ ತುಂಡಾಗದೆ ಒಂದೇ ಉಸಿರಿಗೆ ಹರಿಯುವ ಗೆರೆ ಅದು. ರಾಬಿನ್ ವಿಲಿಯಮ್ಸ್ ಕ್ಷಣಕ್ಕೊಂದು ಧ್ವನಿ ಬದಲಿಸುತ್ತಾ ಹೋದಂತೆ ಗೆರೆಯೂ ಮೇಕೆಯಾಗಿ, ಮುದುಕಿಯಾಗಿ, ಡ್ರ್ಯಾಗನ್ ಆಗಿ ಓಡುತ್ತದೆ. ಅದೇ ನೀಲಿಯನ್ನು ರಂಧ್ರ, ಗಡ್ಡ, ಸ್ನಾಯು, ಹೊಳೆಯುವ ಬೆವರು ಇರುವ ನಿಜವಾದ ಮೈಗೆ ಹಚ್ಚಿದರೆ ನೋಡುವವನ ಮನಸ್ಸು ಅದನ್ನು ಬಣ್ಣವೆಂದು ಓದುವುದಿಲ್ಲ. ‘ಇವನಿಗೇನೋ ಆಗಿದೆ’ ಎಂದು ಓದುತ್ತದೆ. ಅಭಿಮಾನಿಗಳ ಗೇಲಿಯ ಹಿಂದೆ ಇದ್ದದ್ದು ಆ ಸಣ್ಣ ಗಾಬರಿ ಎಂದು ನನ್ನ ರೋಗನಿರ್ಣಯ.

ಚಿತ್ರ ಬಂದಾಗ ಮೂರು ತಲೆಮಾರೂ ಅವೆನ್ಯೂಸ್ ಮಾಲಿನಲ್ಲಿ ಕೂತು ನೋಡಿದೆವು. (ಎರಡು ವರ್ಷದ ಹಿಂದೆ, 2017ರಲ್ಲಿ, ‘ಬ್ಯೂಟಿ ಅಂಡ್ ದ ಬೀಸ್ಟ್’ ಚಿತ್ರವನ್ನು ಇಲ್ಲಿಯ ಚಿತ್ರಮಂದಿರಗಳು ಬಿಡುಗಡೆಯಾದ ಕೆಲವೇ ದಿನಕ್ಕೆ ತೆಗೆದಿದ್ದರಿಂದ ಮಗಳು ಈ ಸಲ ಮೊದಲ ವಾರವೇ ಟಿಕೆಟ್ ತೆಗೆದಿದ್ದಳು.) ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಕಾರ್ಟೂನನ್ನು ಅನುಕರಿಸಿದ ಕಡೆಯಲ್ಲೆಲ್ಲ ಈ ಚಿತ್ರ ಸೋತಿದೆ, ಅದನ್ನು ಮರೆತ ಕಡೆ ಉಸಿರಾಡಿದೆ. ರಾಜಕುಮಾರ ಅಲಿಯ ಮೆರವಣಿಗೆ ನೋಡಿ. ಕಾರ್ಟೂನಿನಲ್ಲಿ ಅದು ಬಿರುಗಾಳಿ. ಇಲ್ಲಿ ನರ್ತಕರು, ಹೂವು, ಒಂಟೆ, ಆನೆ ಎಲ್ಲ ಇವೆ, ಆದರೆ ಯಾವುದಕ್ಕೂ ತೂಕ ಇಲ್ಲ. ಮೈಸೂರಿನಲ್ಲಿ ಸಯ್ಯಾಜಿರಾವ್ ರಸ್ತೆಯ ಪಕ್ಕ ಕೂತು ಜಂಬೂಸವಾರಿ ನೋಡಿದವನಿಗೆ ಆನೆ ಹೆಜ್ಜೆ ಇಟ್ಟರೆ ನೆಲಕ್ಕೆ ಏನಾಗುತ್ತದೆ ಎಂದು ಗೊತ್ತು. ಕಂಪ್ಯೂಟರಿನ ಆನೆಗೆ ಚರ್ಮದ ಸುಕ್ಕು ಒಂದೂ ತಪ್ಪಿಲ್ಲ, ನೆಲಕ್ಕೆ ಮಾತ್ರ ಅದು ಬಂದದ್ದೇ ಗೊತ್ತಿಲ್ಲ.

ಪ್ರಾಣಿಗಳ ಮುಖ ಇನ್ನೊಂದು ಕಥೆ. ನಾವು ನಗುವುದು, ಹುಬ್ಬು ಏರಿಸುವುದು, ತುಟಿ ಕೊಂಕಿಸುವುದು ಎಲ್ಲ ಮುಖದ ಏಳನೆಯ ನರದ ಕೆಲಸ. ಅದಕ್ಕೆ ಓಗೊಡುವ ಸಣ್ಣ ಸಣ್ಣ ಸ್ನಾಯುಗಳು ಮನುಷ್ಯನ ಮುಖದಲ್ಲಿ ತುಂಬ. ಗಿಳಿಯ ಕೊಕ್ಕಿಗೆ ಅದು ಎಲ್ಲಿಂದ ಬರಬೇಕು? ಚಿತ್ರಕಾರ ಪೆನ್ಸಿಲ್ಲಿನಿಂದ ಆ ಸ್ನಾಯುಗಳನ್ನು ದಾನ ಮಾಡಬಲ್ಲ. 1992ರ ಗಿಳಿ ಇಯಾಗೊ ಹಲ್ಲು ಕಡಿಯುತ್ತದೆ, ಮತ್ತು ಗಿಳಿಗೆ ಹಲ್ಲೇ ಇಲ್ಲ ಎಂಬುದು ಯಾರಿಗೂ ನೆನಪಾಗುವುದಿಲ್ಲ. 2019ರ ಗಿಳಿ ನಿಜವಾದ ಗಿಳಿಯಂತಿದೆ, ಆದ್ದರಿಂದ ಅದರ ಮುಖ ಸತ್ತಿದೆ. ಅದೇ ವರ್ಷ ಬಂದ ‘ಲಯನ್ ಕಿಂಗ್’ನಲ್ಲಿ ಈ ಕಷ್ಟ ಚಿತ್ರ ಪೂರ್ತಿ ಇತ್ತು. ಸಿಂಹಗಳೆಲ್ಲ ಮುಖದ ಪಾರ್ಶ್ವವಾಯುವಾಗಿ ಒಪಿಡಿಗೆ ಬಂದಂತೆ ಮಾತಾಡುತ್ತಿದ್ದವು.

ಉಸಿರಾಡಿದ್ದು ಎಲ್ಲಿ? ಭೂತ ನೀಲಿ ಕಳಚಿ ಮನುಷ್ಯನಾಗಿ, ದಾಸಿ ದಾಲಿಯಾಳ ಮುಂದೆ ಮಾತು ತೊದಲುತ್ತಾನಲ್ಲ, ಅಲ್ಲಿ. ರಾಜಕುಮಾರಿ ಜಾಸ್ಮಿನ್ ಆದ ನವೋಮಿ ಸ್ಕಾಟ್, ಈ ಚಿತ್ರಕ್ಕೆಂದೇ ಬರೆದ ಹಾಡನ್ನು ಒಬ್ಬಳೇ ಹಾಡುತ್ತಾಳಲ್ಲ, ಅಲ್ಲಿ. ಕಾರ್ಟೂನಿನಲ್ಲಿ ಅವಳು ಇಷ್ಟಪಟ್ಟವನನ್ನು ಮದುವೆಯಾಗುವ ಹಕ್ಕು ಪಡೆಯುತ್ತಾಳೆ. ಇಲ್ಲಿ ತಾನೇ ಸುಲ್ತಾನ್ ಆಗುತ್ತಾಳೆ. ನಮ್ಮ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕುವೈತಿ ಹುಡುಗಿಯರು ಚಪ್ಪಾಳೆ ಹೊಡೆದರು. ಈ ನಾಡಿನ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 2005ರಲ್ಲಿ, ಅವರಲ್ಲಿ ನಾಲ್ವರು ಮೊದಲ ಬಾರಿಗೆ ಸಂಸತ್ತಿಗೆ ಗೆದ್ದದ್ದು 2009ರಲ್ಲಿ. ನನ್ನ ಮಗಳು ಅವೆರಡನ್ನೂ ಇಲ್ಲೇ ಇದ್ದು ನೋಡಿದವಳು. ಅವಳ ಕಣ್ಣು ಒದ್ದೆಯಾಗಿದ್ದವು.

ಮನೆಗೆ ಬಂದು ನನ್ನ ವಿಮರ್ಶೆ ಹೇಳಿದೆ. ‘ಅಪ್ಪ, ನೀವು ಸಿನಿಮಾ ನೋಡಿಲ್ಲ, ಪೇಷಂಟ್ ನೋಡಿದೀರ’ ಎಂದಳು. ಅದೂ ನಿಜವೇ. ಚಿತ್ರ ನೂರು ಕೋಟಿ ಡಾಲರು ದಾಟಿ ಗಳಿಸಿತು. ಅಷ್ಟು ಜನ ಹೋದದ್ದು ಅವಳ ಹಾಗೆ, ತಮ್ಮ ಮಕ್ಕಳ ಪಕ್ಕ ಕೂತು ಆ ಹಾಡುಗಳನ್ನು ಮತ್ತೊಮ್ಮೆ ಕೇಳಲು. ಅದಕ್ಕೆ ಅಂಗರಚನಾ ಶಾಸ್ತ್ರದಲ್ಲಿ ಉತ್ತರ ಇಲ್ಲ.

ಆದರೂ ನನ್ನನ್ನು ಈ ಲೇಖನಕ್ಕೆ ಕೂರಿಸಿದ್ದು ಬೇರೆ ಸಂಗತಿ. ಅಲ್ಲಾದೀನನ ಕಥೆಯೇ ಒಂದು ಮರುಸೃಷ್ಟಿ: ಅರಬ್ಬಿಯ ಹಳೆಯ ಹಸ್ತಪ್ರತಿಯಲ್ಲಿ ಅದಿರಲಿಲ್ಲ, ಅಲೆಪ್ಪೊದ ಹನ್ನಾ ದಿಯಾಬ್ 1709ರಲ್ಲಿ ಪ್ಯಾರಿಸಿನಲ್ಲಿ ಹೇಳಿದ್ದನ್ನು ಆಂತ್ವಾನ್ ಗಲ್ಲಾನ್ ಫ್ರೆಂಚಿನಲ್ಲಿ ಬರೆದ. ಅಲ್ಲಿ ಅಲ್ಲಾದೀನ್ ಇರುವುದು ಚೀನಾದಲ್ಲಿ. ನಾನು ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ನೋಡಿದ ತೆಲುಗಿನ ಅಲ್ಲಾದೀನನಲ್ಲಿ ಎಸ್.ವಿ. ರಂಗರಾವ್ ಇದ್ದರು, ಆ ನಗು ಇನ್ನೂ ಕಿವಿಯಲ್ಲಿದೆ. ಹಾಗಾದರೆ ಡಿಸ್ನಿಯ ಕಾರ್ಟೂನಿನಲ್ಲಿರುವ ಜಾಫರ್ ಎಂಬ ದುಷ್ಟ ಮಂತ್ರಿ, ಆಟಿಕೆ ಕಂಡರೆ ಮಗುವಾಗುವ ಸುಲ್ತಾನ, ಅಬು ಎಂಬ ಜೊತೆಗಾರ ಎಲ್ಲಿಯವರು? ‘ದ ಥೀಫ್ ಆಫ್ ಬಾಗ್ದಾದ್’ ನೋಡಿದವರಿಗೆ ಹೇಳಬೇಕಾಗಿಲ್ಲ. 1940ರ ಆ ಚಿತ್ರದಲ್ಲಿ ಜಾಫರ್ ಇದ್ದಾನೆ, ಆಟಿಕೆಯ ಸುಲ್ತಾನ ಇದ್ದಾನೆ, ಹಾರುವ ಜಂಬಖಾನೆ ಇದೆ. ಅಬು ಎಂಬುವನು ಬಾಗ್ದಾದಿನ ಬೀದಿಯ ಕಳ್ಳ ಹುಡುಗ. ಚಿತ್ರದ ನಿಜವಾದ ನಾಯಕ ಅವನೇ. ಅಂದರೆ ಆ ಕಾರ್ಟೂನಿಗಿಂತ ಐವತ್ತೆರಡು ವರ್ಷ ಮೊದಲೇ ನಿಜವಾದ ಜನರ ಚಿತ್ರ ಬಂದಿತ್ತು, ಅಬು ಆಗಿದ್ದವನು ನಮ್ಮ ಸಾಬು.

ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ, ಈಗಿನ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ತಂದೆ ಮಹಾರಾಜರ ಆನೆ ಮಾವುತ. ತಂದೆ ತೀರಿಕೊಂಡ ಮೇಲೆ ಹುಡುಗ ಆನೆ ಲಾಯದಲ್ಲೇ ಬೆಳೆದ. ರಾಬರ್ಟ್ ಫ್ಲಾಹರ್ಟಿ ತಂಡ ‘ಎಲಿಫೆಂಟ್ ಬಾಯ್’ ತೆಗೆಯಲು ಮೈಸೂರಿಗೆ ಬಂದಾಗ ಕಣ್ಣಿಗೆ ಬಿದ್ದ, 1937ರಲ್ಲಿ ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಲಂಡನ್ನಿನಲ್ಲಿದ್ದ. 1942ರ ‘ಜಂಗಲ್ ಬುಕ್’ನ ಮೊಗ್ಲಿಯೂ ಅವನೇ, ಡಿಸ್ನಿಯ ಕಾರ್ಟೂನು ಮೊಗ್ಲಿ ಬಂದದ್ದು ಅದಾಗಿ ಇಪ್ಪತ್ತೈದು ವರ್ಷಕ್ಕೆ. ಅಮೆರಿಕದ ಪೌರನಾದ, ಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಪದಕ ಪಡೆದ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಸತ್ತಾಗ ಅವನಿಗೆ 39. ನಮ್ಮ ಕಡೆಯ ಗಂಡಸರ ಹೃದಯದ ಬಗ್ಗೆ ನಾನು ಇದೇ ಸಂಚಿಕೆಯಲ್ಲಿ ಎಷ್ಟು ಸಲ ಬರೆದಿದ್ದೇನೆ! ಅವನ ಕೊನೆಯ ಚಿತ್ರ ತೆರೆಕಂಡದ್ದು ಮರುವರ್ಷ, ಅದನ್ನು ತಯಾರಿಸಿದ್ದು ಡಿಸ್ನಿ.

ಮೈಸೂರು ಮೆಡಿಕಲ್ ಕಾಲೇಜಿನ ಹೌಸ್ ಸರ್ಜನ್ ಆಗಿ ಆ ಭಾಗದ ಹಳ್ಳಿಗಳಿಗೆ ಹೋಗುತ್ತಿದ್ದಾಗ ನಾನು ಕಾರಾಪುರದ ಮೇಲೆ ಎಷ್ಟೋ ಸಲ ಹಾದುಹೋಗಿದ್ದೆ. ಈ ಹುಡುಗನ ಹೆಸರು ನನಗೆ ಯಾರೂ ಹೇಳಿರಲಿಲ್ಲ.

‘ಬಾಗ್ದಾದ್’ ಚಿತ್ರಕ್ಕೆ ಮೂರು ಆಸ್ಕರ್ ಬಂದವು, ಒಂದು ತಂತ್ರಚಮತ್ಕಾರಕ್ಕೆ. ನಟನನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ, ಆಮೇಲೆ ನೀಲಿಯನ್ನು ತೆಗೆದು ಬೇರೆ ದೃಶ್ಯ ಕೂರಿಸುವ ವಿದ್ಯೆಯನ್ನು ಲ್ಯಾರಿ ಬಟ್ಲರ್ ರೂಪಿಸಿದ್ದು ಇದಕ್ಕಾಗಿಯೇ. ಇಂದು ಆ ತಂತ್ರದ ಹೊಲಿಗೆ ಕಾಣುತ್ತದೆ. ಅಬುವಿನ ಅಂಚಿನಲ್ಲಿ ಸಣ್ಣ ಗೆರೆ ಅಲುಗುತ್ತದೆ, ಸೀಸೆಯಿಂದ ಎದ್ದ ಭೂತದ ಪಾದ ಒಮ್ಮೊಮ್ಮೆ ಗೊಂಬೆ ಎಂದು ತಿಳಿಯುತ್ತದೆ. ಆದರೆ ಆ ಪಾದದ ಕೆಳಗೆ ಹದಿನಾರರ ಹುಡುಗ ಸೊಂಟದ ಮೇಲೆ ಕೈಯಿಟ್ಟು, ಹೆದರಿದ್ದರೂ ಹೆದರಿಲ್ಲವೆಂದು ತೋರಿಸಿಕೊಳ್ಳುತ್ತಾ, ಭೂತಕ್ಕೆ ಬುದ್ಧಿ ಹೇಳಿ ಮತ್ತೆ ಸೀಸೆಗೆ ತುಂಬುವಾಗ ಯಾರೂ ಹೊಲಿಗೆ ನೋಡುವುದಿಲ್ಲ. ಅವನ ಎದೆ ಏರಿ ಇಳಿಯುವುದು ಕಾಣುತ್ತದೆ. ಕಂಪ್ಯೂಟರ್ ಎಷ್ಟು ಕೂದಲು ಎಣಿಸಿದರೂ ಕೊಡಲಾಗದ್ದು ಅದು. 2019ರ ಚಿತ್ರದಲ್ಲಿ ನಾಯಕ ಮೆನಾ ಮಸೂದ್‌ಗೆ ಅಂಥ ಒಂದು ಕ್ಷಣವನ್ನೂ ಬರೆದಿಲ್ಲ, ಅವನ ತಪ್ಪಲ್ಲ.

ನನ್ನ ಜಗಳ ಇಲ್ಲಿಗೆ ಬಂದು ನಿಲ್ಲುತ್ತದೆ. 1940ರಲ್ಲಿ ರಾಜಕುಮಾರ, ರಾಜಕುಮಾರಿ ಇಬ್ಬರೂ ಇಂಗ್ಲಿಷರು, ಆದರೂ ಕಥೆ ನಡೆಸಿದವನು ಮಾವುತನ ಮಗ. 1992ರಲ್ಲಿ ಅವನ ಕಳ್ಳತನ, ತುಂಟತನ, ಜಂಬಖಾನೆ ಎಲ್ಲ ಅಲ್ಲಾದೀನನ ಪಾಲಾದವು. ಅಬು ಎಂಬ ಹೆಸರು ಮಾತ್ರ ಉಳಿಯಿತು, ಅದನ್ನು ಕೋತಿಗೆ ಇಟ್ಟರು. ಮೆರವಣಿಗೆಯಲ್ಲಿ ಭೂತ ಆ ಕೋತಿಯನ್ನು ಆನೆ ಮಾಡುತ್ತದೆ. ಅದು ಗೊತ್ತಿದ್ದು ಮಾಡಿದ್ದೋ ಕಾಕತಾಳೀಯವೋ, ಕಾರಾಪುರದ ನೆನಪಾಗದೆ ಇರುವುದಿಲ್ಲ. ಕಾರ್ಟೂನಿನ ಕೋತಿ ಮಾತು ಬಾರದಿದ್ದರೂ ಗೊಣಗಿ, ಹಲ್ಕಿರಿದು ಅರ್ಧ ಮನುಷ್ಯನಾಗಿತ್ತು. ‘ನಿಜವಾದ ಜನರ’ ಚಿತ್ರ ಬಂದಾಗ ಎಲ್ಲರೂ ಮನುಷ್ಯರಾದರು, ಅಬು ಇನ್ನಷ್ಟು ಕೋತಿಯಾದ.

ಒಂದು ಶುಕ್ರವಾರ ಮೊಮ್ಮಗಳನ್ನು ಪಕ್ಕ ಕೂರಿಸಿಕೊಂಡು 1940ರ ಚಿತ್ರ ಹಾಕಿದೆ. ಅದರಲ್ಲಿ ಜಾಫರ್ ಮಾಟ ಮಾಡಿ ಅಬುವನ್ನು ನಾಯಿ ಮಾಡಿರುತ್ತಾನೆ. ‘ತಾತ, ಇವನೂ ಅಬುನಾ? ನಮ್ ಅಬು ಕೋತಿ ಅಲ್ವಾ?’ ಎಂದಳು. ಇವನೇ ಮೊದಲಿನವನು ಎಂದೆ. ಸ್ವಲ್ಪ ಹೊತ್ತಿಗೆ ಮಾಟ ಕಳೆದು ನಾಯಿ ಮತ್ತೆ ಹುಡುಗನಾಯಿತು. ಅವಳು ರಿಮೋಟ್ ಕಸಿದುಕೊಂಡು ಹಿಂದಕ್ಕೆ ಒತ್ತಿದಳು. ಮೂರು ಸಲ ಅದನ್ನೇ ನೋಡಿದೆವು. ಅಡುಗೆಮನೆಯಿಂದ ಬಂದ ಮಗಳು ಮೂರನೆಯ ಸಲಕ್ಕೆ ನಿಂತೇ ನೋಡಿ, ‘ಕಾರಾಪುರ ಅಂದ್ರೆ ಕಬಿನಿ ಹತ್ರನಾ ಅಪ್ಪ?’ ಎಂದು ಕೇಳಿದಳು.